ರಾಜ ಹಾಗೆ ಹೋಗಲ್ಲ

ಮೈಮೇಲೆ ಬರುವುದು, ಸತ್ತವರು ಮಾತಾಡುವುದು, ಕನಸಿನಲ್ಲಿ ಬಂದು ಎಚ್ಚರಿಕೆ ಕೊಡುವುದು, ಇಂಥದ್ದನ್ನೆಲ್ಲ ಯಾರಾದರೂ ನನ್ನ ಮುಂದೆ ಶುರು ಮಾಡಿದರೆ ನಾನು ಎದ್ದು ಹೋಗಿ ಕಾಫಿಗೆ ಹಾಲಿಡುತ್ತಿದ್ದವಳು. ಆಫೀಸಿನಲ್ಲಿ ಒಬ್ಬಾಕೆ, ತೀರಿಕೊಂಡ ತನ್ನ ಅತ್ತೆ ಈಗಲೂ ಬೆಳಗಿನ ಜಾವ ಅಡುಗೆಮನೆಯ ನಲ್ಲಿ ತಿರುಗಿಸುತ್ತಾರೆ ಎಂದಾಗ, "ವಾಷರ್ ಹೋಗಿದೆ, ಪ್ಲಂಬರ್‌ಗೆ ಹೇಳ್ರಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ಪಾಪ, ಒಂದು ತಿಂಗಳು ಆಕೆ ನನ್ನ ಜೊತೆ ಮಾತು ಬಿಟ್ಟಿದ್ದಳು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಓದಿ ನೀವು ನಗುವುದಾದರೆ ನಗಿ, ನನಗೇನೂ ಬೇಜಾರಿಲ್ಲ. ನಂಬಿಸಬೇಕು ಎಂದು ಬರೆಯುತ್ತಿಲ್ಲ. ಸಿಟ್ಟು ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿ ಬರೆಯುತ್ತಿದ್ದೇನೆ.

ನಮ್ಮಪ್ಪ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಮನೆ ಯಲಹಂಕದ ಹಳೇ ಊರಿನಲ್ಲಿ. ಭಾನುವಾರ ಎಣ್ಣೆ ಸ್ನಾನ ಮುಗಿಸಿ, ಜಗಲಿಯ ಮೇಲೆ ಚಾಪೆ ಹಾಸಿ, ಚೆಸ್ ಬೋರ್ಡು ಬಿಡಿಸಿಕೊಂಡು ಕೂತರೆಂದರೆ ಬೀದಿಯ ಗಂಡಸರೆಲ್ಲ ಒಬ್ಬರಾದ ಮೇಲೆ ಒಬ್ಬರು ಬಂದು ಸೋತು ಹೋಗುತ್ತಿದ್ದರು. ನನ್ನ ಅಣ್ಣ ಮಂಜುನಾಥನಿಗೆ ಎಂಟು ವರ್ಷಕ್ಕೇ ಹಿಡಿದು ಕೂರಿಸಿ ಕಲಿಸಿದರು. ಅವನಿಗೆ ಅದರಲ್ಲಿ ಒಂದು ಚೂರೂ ಆಸೆಯಿರಲಿಲ್ಲ, ಗೋಲಿ ಆಡಲು ಕೈ ತುರಿಸುತ್ತಿತ್ತು. ಆಸೆ ಇದ್ದದ್ದು ನನಗೆ. ಕಿಟಕಿಯ ಒಳಗಡೆ ಸರಳು ಹಿಡಿದು ನಿಂತು ನೋಡಿ ನೋಡಿಯೇ ಯಾವ ಕಾಯಿ ಎತ್ತ ಹೋಗುತ್ತದೆ ಎಂದು ಕಲಿತೆ. ಒಂದು ದಿನ ತಡೆಯಲಾರದೆ, "ಅಣ್ಣ, ನಿನ್ನ ಆನೆ ಹೋಗತ್ತೆ ಕಣೋ" ಎಂದುಬಿಟ್ಟೆ. ಅಪ್ಪ ತಲೆ ಎತ್ತಿ ನೋಡಲೂ ಇಲ್ಲ. "ಹೆಣ್ಮಕ್ಕಳಿಗಲ್ಲ ಇದು. ಒಳಗ್ ಹೋಗು" ಎಂದರು. ನನಗಾಗ ಒಂಬತ್ತು ವರ್ಷ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಒಳಗೆ ಹೋಗಿ ಯಾರ ಮುಂದೆ ಅಳಬೇಕು?

ಅಪ್ಪನ ಜೊತೆ ಒಂದು ಆಟ. ಒಂದೇ ಒಂದು. ಅದೊಂದು ಹಟವಾಗಿ ನನ್ನೊಳಗೆ ಕೂತುಬಿಟ್ಟಿತು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಏನು ಬೇಕು ಕೇಳು ಎಂದರು. ಒಂದು ಆಟ ಎಂದೆ. ಮಾರನೆಯ ದಿನ ಕೈಗಡಿಯಾರ ತಂದುಕೊಟ್ಟರು. ಕಾಲೇಜಿನ ಗೆಳತಿಯರಿಂದ ಸರಿಯಾಗಿ ಕಲಿತೆ, ಪುಸ್ತಕ ತಂದು ಓದಿದೆ, ಮೊದಲ ಹತ್ತು ನಡೆಗಳನ್ನು ಹೀಗೆ ಆಡಿದರೆ ಹೀಗೆ, ಹಾಗೆ ಆಡಿದರೆ ಹಾಗೆ ಎಂದು ಬಾಯಿಪಾಠ ಮಾಡಿದೆ. ಆಫೀಸಿನ ಪಂದ್ಯದಲ್ಲಿ ಗಂಡಸರನ್ನೆಲ್ಲ ಸೋಲಿಸಿ ಗೆದ್ದ ಕಪ್ ಹಿಡಿದುಕೊಂಡು ಬಂದು ಅಪ್ಪನ ಮುಂದೆ ಇಟ್ಟೆ. "ಒಳ್ಳೇದಾಯ್ತು" ಎಂದು ಪೇಪರ್ ಮಗುಚಿದರು. ಆಮೇಲೆ ನಾನು ಮದುವೆಯಾಗಿ, ಯಲಹಂಕ ನ್ಯೂ ಟೌನಿನ ನಮ್ಮ ಮನೆಯಲ್ಲಿ ಶನಿವಾರ, ಭಾನುವಾರ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಚೆಸ್ ಪಾಠ ಶುರು ಮಾಡಿದೆ. ಅಪ್ಪ ಬಂದರೆ ಪಾಠ ನಡೆಯುವ ಕೋಣೆಗೆ ಕಾಲಿಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಕಾಫಿ ಕುಡಿದು ಹೋಗುತ್ತಿದ್ದರು.

ಎರಡು ಸಾವಿರದ ಹನ್ನೆರಡರಲ್ಲಿ ಅವರಿಗೆ ಸ್ಟ್ರೋಕ್ ಹೊಡೆಯಿತು. ಬಲಭಾಗ ಬಿತ್ತು, ಮಾತು ಹೋಯಿತು. ಆರ್.ಟಿ. ನಗರದ ಅಣ್ಣನ ಮನೆ ಮೂರನೆಯ ಮಹಡಿ, ಲಿಫ್ಟ್ ಇಲ್ಲ. "ನಿಮ್ದಾದ್ರೆ ಕೆಳಗಿನ್ ಮನೆ ಕಣೆ, ವೀಲ್‌ಚೇರ್ ಸಲೀಸಾಗಿ ಓಡಾಡತ್ತೆ" ಎಂದ ಅಣ್ಣ, ದೊಡ್ಡ ಉಪಕಾರ ಮಾಡಿದವನ ಹಾಗೆ. ಸರಿ, ಮಗನಿಗೆ ಚೆಸ್, ಮಗಳಿಗೆ ಬೆಡ್‌ಪ್ಯಾನ್. ಇದನ್ನು ನಾನು ಜೋರಾಗಿಯೇ ಹೇಳಿದೆ. ಅಪ್ಪ ನಮ್ಮ ಮನೆಗೆ ಬಂದರು.

ಅವರ ಸ್ಥಿತಿ ಹೇಗಿತ್ತು ಎಂದು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಎಡಗೈ ಅಲ್ಲಾಡುತ್ತಿತ್ತು, ಆದರೆ ಇಡ್ಲಿಯ ಚೂರೊಂದು ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಮೂರು ಕಡೆ ಬೀಳುತ್ತಿತ್ತು. ಥೆರಪಿಯ ಹುಡುಗಿ ಬಾಚಣಿಗೆ, ಪೆನ್ನು, ಬೀಗದ ಕೈ ಮುಂದಿಟ್ಟು "ಪೆನ್ನು ತೋರಿಸಿ ತಾತ" ಎಂದರೆ ಅವಳ ಮುಖವನ್ನೇ ನೋಡುತ್ತಿದ್ದರು. ಒಮ್ಮೆ ಪಾಠದ ಬೋರ್ಡಿನ ಒಂದು ಸಿಪಾಯಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡಿದ್ದರು. ಬೆರಳು ಹಾಕಿ ತೆಗೆದವಳು ನಾನೇ.

ಹದಿಮೂರರ ಫೆಬ್ರವರಿ, ಎರಡನೆಯ ಶನಿವಾರ. ಆಫೀಸಿಗೆ ರಜೆ, ಪಾಠದ ಮಕ್ಕಳು ಏರ್ ಶೋ ನೋಡಲು ಹೋಗಿದ್ದರು. ನಮ್ಮವರು ಸಾಮಾನು ತರಲು ಹೋಗಿದ್ದರು. ಆ ಶೋದ ವಿಮಾನಗಳು ಬೆಳಿಗ್ಗೆಯಿಂದ ತಲೆಯ ಮೇಲೇ ಹಾರುತ್ತಿದ್ದವು. ಒಂದೊಂದು ಹೋದಾಗಲೂ ಪಾತ್ರೆಗಳು ಅದುರುತ್ತಿದ್ದವು, ಅಪ್ಪ ಬೆಚ್ಚಿ ಕಿರುಚುತ್ತಿದ್ದರು. ಮಧ್ಯಾಹ್ನ ಅಣ್ಣನ ಫೋನ್ ಬಂತು. ಈ ಭಾನುವಾರವೂ ಬರೋಕಾಗಲ್ಲವಂತೆ. "ಏನ್ ಟ್ರಾಫಿಕ್ ಕಣೆ, ಹೆಬ್ಬಾಳ ದಾಟೋಕೇ ಒಂದ್ ಗಂಟೆ." ಐದು ವಾರದಿಂದ ಹೆಬ್ಬಾಳ ದಾಟಲಾರದ ಮಗ! ಫೋನ್ ಕುಕ್ಕಿದೆ. ಮೈಯೆಲ್ಲ ಉರಿಯುತ್ತಿತ್ತು. ಆಗ ನಾನು ಮಾಡಿದ್ದು ಒಳ್ಳೆಯ ಬುದ್ಧಿಯಿಂದಲ್ಲ, ಮುಚ್ಚಿಡುವುದಿಲ್ಲ. ಅಪ್ಪನ ವೀಲ್‌ಚೇರನ್ನು ದರದರ ಎಳೆದುಕೊಂಡು ಬಂದು ಊಟದ ಮೇಜಿಗೆ ಒತ್ತಿದೆ. ಚೆಸ್ ಬೋರ್ಡು ಬಿಡಿಸಿ ಬಿಳಿ ಕಾಯಿಗಳನ್ನು ಅವರ ಕಡೆ ಇಟ್ಟೆ. "ಈಗ ಹೆಂಗೆ ಒಳಗೆ ಕಳಿಸ್ತೀರೋ ಕಳ್ಸಿ, ನೋಡೋಣ" ಎಂದೆ. ಎರಡೂ ಕಡೆ ನಾನೇ ಆಡಿ, ಅಪ್ಪನನ್ನು ಚೆನ್ನಾಗಿ ಸೋಲಿಸಬೇಕು ಎಂದಿದ್ದೆ.

ಅವರ ಎಡಗೈ ತೊಡೆಯ ಮೇಲಿಂದ ಎದ್ದಿತು. ಕುದುರೆಯ ಮುಂದಿನ ಸಿಪಾಯಿಯನ್ನು ಹಿಡಿದು ಒಂದು ಮನೆ ಮುಂದಿಟ್ಟಿತು. ನಡುಗಲಿಲ್ಲ.

ಏನೋ ಕೈಗೆ ಸಿಕ್ಕಿದ್ದನ್ನು ತಳ್ಳಿದ್ದಾರೆ ಎಂದುಕೊಂಡು ನನ್ನ ಸಿಪಾಯಿಯನ್ನು ನಡೆಸಿದೆ. ಮತ್ತೆ ಆ ಕೈ ಎದ್ದಿತು. ಆ ಕಡೆಯ ಕುದುರೆಯ ಮುಂದಿನ ಸಿಪಾಯಿ, ಒಂದೇ ಮನೆ. ಆಮೇಲೆ ಎರಡು ಆನೆಗಳ ಮುಂದಿನವು, ಅವೂ ಒಂದೊಂದೇ ಮನೆ. ಪಾಠದ ನೋಟ್‌ಬುಕ್ ಎಳೆದುಕೊಂಡು ಅಭ್ಯಾಸಬಲದಿಂದ ನಡೆಗಳನ್ನು ಬರೆಯಲು ಶುರು ಮಾಡಿದೆ. ಇಂಥ ಆರಂಭವನ್ನು ನಾನು ಎಲ್ಲೂ ಕಂಡಿರಲಿಲ್ಲ. ಜಗಲಿಯ ಮೇಲೆ ಅಪ್ಪ ಎಷ್ಟೋ ವರ್ಷ ಆಡಿದ್ದನ್ನು ನೋಡಿದ್ದೇನಲ್ಲ, ಪ್ರತಿಸಲವೂ ರಾಜನ ಮುಂದಿನ ಸಿಪಾಯಿ ಎರಡು ಮನೆ, ಬೇರೆ ಮಾತೇ ಇಲ್ಲ. ಆದರೂ ಇದನ್ನು ಬೇಗ ಮುಗಿಸಬಹುದು ಎನ್ನಿಸಿತು. ನನ್ನ ಮಂತ್ರಿಯನ್ನೂ ಒಂಟೆಯನ್ನೂ ಅವರ ರಾಜನ ಪಕ್ಕದ ಸಿಪಾಯಿಗೆ ಗುರಿ ಇಟ್ಟು ತರಲು ಹೊರಟೆ.

ಐದನೆಯ ನಡೆಗೆ ಆ ಕೈ ರಾಜನನ್ನು ಎತ್ತಿತು. ಎತ್ತಿ, ಕುದುರೆ ಹಾರುವ ಹಾಗೆ ಹಾರಿಸಿ, ಸಿಪಾಯಿ ಮುಂದೆ ಹೋಗಿ ಖಾಲಿಯಾಗಿದ್ದ ಮನೆಯಲ್ಲಿ ಕೂರಿಸಿತು.

ಅಯ್ಯೋ, ಅಷ್ಟೇನಾ ಎನ್ನಿಸಿತು. ಇಷ್ಟು ಹೊತ್ತು ಏನೋ ಪವಾಡ ಎಂದುಕೊಂಡಿದ್ದು ಬರೀ ಕೈಯಾಟವೇ? "ಅಪ್ಪಾ, ರಾಜ ಹಾಗೆ ಹೋಗಲ್ಲ" ಎಂದು ಎತ್ತಿ ಹಿಂದಕ್ಕಿಟ್ಟೆ. ಅವರು ಮತ್ತೆ ಅಲ್ಲೇ ಇಟ್ಟರು. ನಾನು ಮತ್ತೆ ತೆಗೆದೆ. ಮತ್ತೆ ಇಟ್ಟರು. ಮೂರನೆಯ ಸಲ, "ಹೋಗಲ್ಲ ಅಂದ್ನಲ್ಲ!" ಎಂದು ರೇಗಿ ತೆಗೆದಿಟ್ಟೆ. ಅವರು ನನ್ನನ್ನೇ ನೋಡುತ್ತ, ಸ್ವಲ್ಪವೂ ಅವಸರವಿಲ್ಲದೆ, ರಾಜನನ್ನು ಮತ್ತೆ ಅಲ್ಲಿಗೇ ಹಾರಿಸಿದರು. ಸ್ಟ್ರೋಕ್ ಆದ ಮೇಲೆ ಅವರು ನನ್ನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ಹೋಗಲಿ, ರೋಗಿಷ್ಟರು, ಅಡ್ಡಾದಿಡ್ಡಿ ಆಡಿಕೊಳ್ಳಲಿ ಎಂದು ಬಿಟ್ಟುಕೊಟ್ಟೆ. ನೋಟ್‌ಬುಕ್ಕಿನಲ್ಲಿ ಆ ನಡೆಯ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ನಮ್ಮ ಚೆಸ್ಸಿನವರಲ್ಲಿ ಹಾಗೆಂದರೆ ಕೆಟ್ಟ ನಡೆ ಎಂದರ್ಥ.

ಆಮೇಲೆ ಅವರು ಆಡಿದ್ದೆಲ್ಲ ನಿಯಮದ ಪ್ರಕಾರವೇ ಇತ್ತು. ಒಂದು ನಡೆಯೂ ತಪ್ಪಿಲ್ಲ. ನಾನು ಗುರಿಯಿಟ್ಟಿದ್ದ ಜಾಗದಲ್ಲಿ ರಾಜ ಇರಲಿಲ್ಲ. ಕಲಿತಿದ್ದ ಯಾವ ಪಾಠವೂ ಅಲ್ಲಿ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಅವೆಲ್ಲ ರಾಜ ಇರಬೇಕಾದ ಕಡೆ ಇದ್ದಾಗಿನ ಪಾಠಗಳು. ಒಂದು ಒಂಟೆ ಹೋಯಿತು. ಎರಡು ಸಿಪಾಯಿ ಹೋದವು. ಭಯವಾಗಿ ನನ್ನ ರಾಜನನ್ನು ಮೂಲೆಗೆ ತಂದು ಸುತ್ತ ಕಾಯಿಗಳನ್ನು ಜೋಡಿಸಿಕೊಂಡೆ. ತಲೆಯ ಮೇಲೆ ಮೂರು ವಿಮಾನಗಳು ಒಟ್ಟಿಗೆ ಹಾದುಹೋಗಿ ಕಿಟಕಿಯ ಗಾಜು ಗಲಗಲ ಎಂದಿತು. ಅಪ್ಪ ಕಣ್ಣು ಕೂಡ ಮಿಟುಕಿಸಲಿಲ್ಲ.

ಕೊನೆಗೆ ಅವರು ತಮ್ಮ ಮಂತ್ರಿಯನ್ನು ತಂದು ನನ್ನ ರಾಜನಿಗೆ ಒತ್ತಿಕೊಂಡೇ ಇಟ್ಟರು. ಚೆಕ್. ಕುದುರೆಯ ಕಾವಲಿತ್ತು, ರಾಜನಿಂದ ಹೊಡೆಯುವ ಹಾಗಿರಲಿಲ್ಲ. ಆನೆಯಿಂದ ಹೊಡೆಯಲೇಬೇಕು, ಬೇರೆ ದಾರಿಯೇ ಇಲ್ಲ. ಹೊಡೆದೆ. ಹೊಡೆದ ಮೇಲೆ ನೋಡಿದರೆ ನನ್ನ ರಾಜನ ಸುತ್ತ ನನ್ನವೇ ಕಾಯಿಗಳು, ಮಿಸುಕಲು ಒಂದು ಮನೆಯಿಲ್ಲ. ಇನ್ನು ಆ ಕುದುರೆ ಒಂದು ಸಲ ಹಾರಿದರೆ ಆಟ ಮುಗಿಯಿತು. ನನ್ನ ಪಾಠಕ್ಕೆ ಬರುವ ಪುಟ್ಟ ಮಕ್ಕಳಿಗೂ ಅದು ಕಾಣುತ್ತದೆ.

ಸೋತಿದ್ದೆ. ಸೋತು ನನಗೆ ಎಷ್ಟು ಸಂತೋಷವಾಯಿತು ಎಂದರೆ ಕಣ್ಣಲ್ಲಿ ನೀರು ಬಂತು. ಅಪ್ಪ ನನ್ನ ಜೊತೆ ಆಡಿದರು! ಆ ಕೊನೆಯ ನಡೆಗೆ ಕಾದು ಕೂತೆ. ಕೈ ಕುದುರೆಯ ಹತ್ತಿರ ಬಂತು, ಅದರ ಮೇಲೆ ನಿಂತಿತು. ಮುಟ್ಟಲಿಲ್ಲ. ನಿಧಾನವಾಗಿ ಇಳಿದು ತೊಡೆಯ ಮೇಲೆ ಬಿತ್ತು. "ಅಪ್ಪಾ, ನಿಮ್ಮ ಆಟ" ಎಂದೆ. ಕಾದೆ. "ಅಪ್ಪಾ, ನಿಮ್ಮ ಆಟ, ಕುದುರೆ ನೋಡಿ." ಬಾಯಿಯ ಅಂಚಿನಿಂದ ಜೊಲ್ಲು ಇಳಿಯಿತು. ಇನ್ನೊಂದು ವಿಮಾನ ಹೋಯಿತು, ಅವರು ಎಂದಿನ ಹಾಗೆ ಬೆಚ್ಚಿ ಕಿರುಚಿದರು.

ನಮ್ಮವರು ಬರುವ ಹೊತ್ತಿಗೆ ನಾನು ಅಪ್ಪನ ಭುಜ ಹಿಡಿದು ಅಲ್ಲಾಡಿಸುತ್ತಿದ್ದೆನಂತೆ. "ಮುಗಿಸಿ! ಒಂದೇ ಒಂದು ನಡೆ, ಮುಗಿಸಿಬಿಡಿ!" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದೆನಂತೆ. "ಬಿಡೇ, ಏನಾಗಿದೆ ನಿಂಗೆ?" ಎಂದು ಅವರು ನನ್ನನ್ನು ಎಳೆದು ಕೂರಿಸಿದರು. ನನ್ನ ಇಡೀ ಬದುಕಿನಲ್ಲಿ ಕೇಳಿದ್ದು ಒಂದು ಆಟ. ಅದನ್ನೂ ಪೂರ್ತಿ ಕೊಡಬಾರದೆ ಈ ಮನುಷ್ಯ?

ಅಣ್ಣನಿಗೆ ಹೇಳಿದರೆ, "ಎರಡೂ ಕಡೆ ನೀನೇ ಆಡ್ಕೊಂಡಿರ್ತೀಯ, ಟೆನ್ಶನ್ ನಿಂಗೆ, ಸ್ವಲ್ಪ ರೆಸ್ಟ್ ತಗೋ" ಎಂದ. ನಮ್ಮವರು ಬಾಯಿಬಿಟ್ಟು ಹೇಳದಿದ್ದರೂ ಅವರ ಮನಸ್ಸಿನಲ್ಲೂ ಅದೇ ಇತ್ತು. ಡಾಕ್ಟರ್ ಮಾತ್ರ ಪೂರ್ತಿ ಕೇಳಿಸಿಕೊಂಡರು. ಹಳೆಯ ನೆನಪು ಕೆಲವು ಸಲ ಎಲ್ಲೋ ಉಳಿದುಕೊಂಡಿರುತ್ತದೆ, ಮೊದಲು ಅವರು ಹಾಗೇ ಆಡುತ್ತಿದ್ದರಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನನಗೆ ಗೊತ್ತಿಲ್ಲ ಎಂದರು. ಪುಸ್ತಕಗಳಲ್ಲಿ, ಇಂಟರ್ನೆಟ್ಟಿನಲ್ಲಿ ಹುಡುಕಿ ಹುಡುಕಿ ಸಾಕಾಯಿತು. ಹಾಗೆ ಶುರುವಾಗುವ ಆಟ ಎಲ್ಲೂ ಸಿಗಲಿಲ್ಲ. ಆ ಬೋರ್ಡನ್ನು ಇದ್ದ ಹಾಗೇ ಎತ್ತಿ ಬೀರುವಿನ ಮೇಲಿಟ್ಟು, ಬೇರೊಂದು ಬೋರ್ಡಿನ ಮೇಲೆ ನೋಟ್‌ಬುಕ್ ನೋಡಿಕೊಂಡು ಆ ಮೊದಲ ಐದು ನಡೆಗಳನ್ನು ದಿನಾ ಆಡಿ ನೋಡುತ್ತಿದ್ದೆ.

ಮಾರ್ಚಿನಲ್ಲಿ ಬಾಗಲೂರಿನಿಂದ ದೊಡ್ಡಮ್ಮ ಬಂದಳು. ಅಮ್ಮನ ಅಕ್ಕ, ಎಪ್ಪತ್ತು ದಾಟಿದವಳು. ಹೊಸ ಹುಣಸೆಹಣ್ಣು ತಂದಿದ್ದಳು. ಚೀಲ ಕೆಳಗಿಟ್ಟವಳೇ ಮೇಜಿನ ಹತ್ತಿರ ನಿಂತುಬಿಟ್ಟಳು.

"ಇದೇನವ್ವ, ನಿಮ್ಮಮ್ಮನ ಆಟ ಇಟ್ಕೊಂಡು ಕುಂತಿದೀಯ?"

ಅಮ್ಮನ ಆಟವೇ? ಅಮ್ಮ ಚೆಸ್ ಆಡೋಳಾ ಎಂದು ಕೇಳಿದೆ.

"ಆಡೋಳಾ ಅಂದ್ರೆ? ನಮ್ ತಾತ ಕಲ್ಸಿದ್ದ. ನಮ್ ಕಡೆ ಆಗ ಇಂಗೇಯ. ಸಿಪಾಯಿ ಒಂದೊಂದೇ ಮನೆ, ರಾಜಂಗೆ ಒಂದ್ ಕಿತ ಕುದ್ರೆ ಆರ್ದಂಗೆ ಆರಕ್ಕುಂಟು. ಮಣೆ ಮುಂದೆ ಕುಂತ್ರೆ ಗಂಡಸ್ರೆಲ್ಲ ಎದ್ರೋರು ಅವಳ್ಗೆ."

ಆಮೇಲೆ ಹೇಳಿದಳು. ಮದುವೆಯಾದ ವರ್ಷ, ಯುಗಾದಿಗೆ ದೊಡ್ಡಮ್ಮ ನಮ್ಮ ಮನೆಗೆ ಬಂದಿದ್ದಾಗ, ಅಪ್ಪ ಜಗಲಿಯ ಮೇಲೆ ಎಲ್ಲರೆದುರು ತಮಾಷೆಗೆ ಹೆಂಡತಿಯನ್ನು ಆಟಕ್ಕೆ ಕರೆದರಂತೆ. ಅಮ್ಮ ಹೀಗೇ ಶುರು ಮಾಡಿ ರಾಜನನ್ನು ಹಾರಿಸಿದಳಂತೆ. "ರಾಜ ಅಂಗೋಗಲ್ಲ ಕಣೆ ಅಂತ ಎತ್ತಿ ಇಂದಕ್ಕಿಟ್ಟ ನಿಮ್ಮಪ್ಪ. ಇವ್ಳು ತಿರ್ಗ ಅಲ್ಲೇ ಇಟ್ಲು. ಮೂರ್ ಕಿತ ತೆಗ್ದ, ಮೂರ್ ಕಿತಾನೂ ಇಟ್ಲು ನನ್ ತಂಗಿ. ಓಗ್ಲಿ ಎಂಗಸು ಅಂತ ನಕ್ಕಂಡು ಬಿಟ್ಟ." ಹಾಗೆ ಬಿಟ್ಟುಕೊಟ್ಟ ಅಪ್ಪ ಸೋಲತೊಡಗಿದರು. ಬೀದಿಯವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಅಮ್ಮ ಕೊನೆಯ ನಡೆಗೆ ಕೈ ಚಾಚಿದಾಗ ಅಪ್ಪ ಮಣೆಯನ್ನು ಎತ್ತಿ ಬೀದಿಗೆ ಎಸೆದರಂತೆ. ಮೋಸದಾಟ ಎಂದರಂತೆ. ಈ ಮನೆಯಲ್ಲಿ ಇನ್ನು ಮೇಲೆ ಹೆಂಗಸರು ಇದನ್ನು ಮುಟ್ಟಕೂಡದು ಎಂದರಂತೆ. ಅಮ್ಮ ಚರಂಡಿಯಿಂದ ಕಾಯಿಗಳನ್ನು ಆರಿಸಿ, ತೊಳೆದು, ಒರೆಸಿ, ಡಬ್ಬಿಗೆ ಹಾಕಿಟ್ಟಳಂತೆ. ಆಮೇಲೆ ಮುಟ್ಟಲಿಲ್ಲ.

ಅಪ್ಪ ಆಡಿದ್ದನ್ನು ನಾನು ದೊಡ್ಡಮ್ಮನಿಗೆ ಹೇಳಿದೆ. ಬೀರುವಿನ ಮೇಲಿನ ಬೋರ್ಡನ್ನು ಇಳಿಸಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಎದ್ದು ಕೋಣೆಯ ಬಾಗಿಲವರೆಗೆ ಹೋಗಿ ಮಲಗಿದ್ದ ಅಪ್ಪನನ್ನು ನೋಡಿ ಬಂದಳು. "ಅದು ಅವನ ಆಟ ಅಲ್ಲ ಮಗ" ಎಂದಳು.

ಅವಳು ಹೋದ ಮೇಲೆ ನಾನು ಅಪ್ಪನ ಮಂಚದ ಹತ್ತಿರ ಹೋಗಿ ನಿಂತೆ. ಜೀವಮಾನದಲ್ಲಿ ಅಷ್ಟು ಸಿಟ್ಟು ನನಗೆ ಬಂದಿಲ್ಲ. ಅಮ್ಮನ ಬಗ್ಗೆ ನನಗೆ ನೆನಪಿರುವುದೇ ಸ್ವಲ್ಪ. ಸೊಪ್ಪು ಬಿಡಿಸುತ್ತಿದ್ದ ಕೈ, ಒಂದು ಹಸಿರು ಸೀರೆ, ಕೆಮ್ಮು. ನನ್ನ ಹಾಗೆಯೇ ಈ ಆಟದ ಹುಚ್ಚಿದ್ದ ಒಬ್ಬಳು ತಾಯಿ ನನಗಿದ್ದಳು ಎಂದು ಈ ಮನುಷ್ಯ ಒಂದು ದಿನ, ಒಂದು ಮಾತು ಹೇಳಲಿಲ್ಲ. ಕಿಟಕಿಯಲ್ಲಿ ನಿಂತಿದ್ದಾಗ ಹೇಳಲಿಲ್ಲ, ಗಡಿಯಾರ ಕೊಟ್ಟಾಗ ಹೇಳಲಿಲ್ಲ, ಕಪ್ ತಂದಿಟ್ಟಾಗ ಹೇಳಲಿಲ್ಲ. "ಅಮ್ಮ ಆಡ್ತಿದ್ಳಾ ಅಪ್ಪಾ?" ಎಂದು ಕೇಳಿದೆ. ಅವರು ಗೋಡೆ ನೋಡುತ್ತಿದ್ದರು. ಅವರನ್ನು ಬೈಯಲು ಬಾಯಿ ತೆರೆದೆ. ರಾಜ ಹಾಗೆ ಹೋಗಲ್ಲ ಎಂದು ಮೂರು ಸಲ ಎತ್ತಿ ಹಿಂದಕ್ಕಿಟ್ಟವಳು, ಹೋಗಲಿ ಪಾಪ ಎಂದು ಬಿಟ್ಟುಕೊಟ್ಟವಳು ನಾನೂ ಹೌದಲ್ಲ ಎಂಬುದು ಅಷ್ಟರಲ್ಲಿ ನೆನಪಾಯಿತು. ಅವರ ಹೊದಿಕೆ ಸರಿಮಾಡಿ ಬಂದೆ.

ಅಪ್ಪ ಮಾರನೆಯ ವರ್ಷ ತೀರಿಕೊಂಡರು. ಮತ್ತೆ ಎಷ್ಟು ಸಲ ಬೋರ್ಡು ಇಟ್ಟರೂ ಆ ಕೈ ಏಳಲಿಲ್ಲ.

ನಾನು ನಂಬದವಳು, ಆದ್ದರಿಂದ ಡಾಕ್ಟರ್ ಹೇಳಿದ್ದನ್ನೇ ಹಿಡಿದುಕೊಳ್ಳಲು ನೋಡುತ್ತೇನೆ. ತಾವು ಸೋತ ಆ ಒಂದು ಆಟವನ್ನು ಅಪ್ಪ ಎಲ್ಲೋ ಒಳಗೆ ನಡೆನಡೆಯಾಗಿ ಇಟ್ಟುಕೊಂಡಿದ್ದಿರಬೇಕು. ಆದರೆ ನಾನು ಆಡಿದ್ದು ನನ್ನ ನಡೆಗಳನ್ನು, ಅವತ್ತು ಅಪ್ಪ ಆಡಿದ್ದನ್ನಲ್ಲ. ನೆನಪು ಉತ್ತರ ಕೊಡುತ್ತದೆಯೇ? ಹಾಗೆಂದುಕೊಂಡರೂ ಇನ್ನೊಂದು ಬಗೆಹರಿಯುವುದಿಲ್ಲ. ಅಪ್ಪನೇ ಆಡಿದ್ದಾದರೆ, ಗೆಲ್ಲುವ ಹೊತ್ತಿಗೆ ಏಕೆ ಕೈ ತೆಗೆದರು? ಅಮ್ಮ ಎಂದುಕೊಂಡರೆ, ಹಾಗೆ ಅಂದುಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ, ಆದರೂ ಅಂದುಕೊಂಡರೆ, ಅಪ್ಪ ನನ್ನ ಜೊತೆ ಆಡಲೇ ಇಲ್ಲ. ನಾನು ಕೇಳಿದ್ದು ಅಪ್ಪನನ್ನು, ಬಂದು ಕೂತದ್ದು ಅಮ್ಮ. ಯಾವುದು ನಿಜವಾದರೂ ನನಗೆ ಸಿಟ್ಟು ಬರುತ್ತದೆ, ಒಂದಕ್ಕೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ.

ಮೊನ್ನೆ ಹಬ್ಬಕ್ಕೆ ಮನೆ ಧೂಳು ಹೊಡೆಯುವಾಗ ನಮ್ಮವರು ಆ ಬೋರ್ಡನ್ನು ಅಲ್ಲಾಡಿಸದೆ ಕೆಳಗಿಳಿಸಿದರು. ಇಷ್ಟು ವರ್ಷದಲ್ಲಿ ಅವರಿಗೂ ಯಾವ ಕಾಯಿ ಎತ್ತ ಹೋಗುತ್ತದೆ ಎಂದು ಅಷ್ಟಿಷ್ಟು ಗೊತ್ತಾಗಿದೆ. "ಈ ಕುದುರೆ ಒಂದನ್ನ ನೀನೇ ಇಟ್ಟು ಮುಗಿಸಿಬಿಡಬಾರದೇನೆ? ನಿಂಗೂ ಸಮಾಧಾನ ಆಗತ್ತೆ" ಎಂದರು.

ಬಟ್ಟೆ ಕಸಿದುಕೊಂಡು ನಾನೇ ಧೂಳು ಒರೆಸಿ, ಬೋರ್ಡನ್ನು ಮತ್ತೆ ಬೀರುವಿನ ಮೇಲಿಟ್ಟೆ. "ನಾನ್ಯಾಕೆ ಇಡಲಿ? ನನ್ನ ಆಟ ನಾನು ಆಡಿ ಆಗಿದೆ ಕಣ್ರೀ" ಎಂದೆ.